ಷಡ್ಡಕನ ಬಾಯಿ

ಒದ್ದೆ ದುಪ್ಪಟಿಯ ಒಂದು ತುದಿ ಆಕೆಯ ಕೈಯಲ್ಲಿತ್ತು, ಇನ್ನೊಂದು ನಾದಿನಿಯ ಕೈಯಲ್ಲಿ. ಇಬ್ಬರೂ ಎದುರುಬದುರು ನಿಂತು ಹಿಂಡುತ್ತಿದ್ದರು. ದುಪ್ಪಟಿ ನಡುವೆ ಹಗ್ಗವಾಗಿ, ಹಗ್ಗ ಗಂಟಾಗಿ, ಗಂಟಿನಿಂದ ನೀರು ಧಾರೆಗಟ್ಟಿ ಹಿತ್ತಲ ಚಪ್ಪಡಿಯ ಮೇಲೆ ಬೀಳುತ್ತಿತ್ತು. ನೋಡುವುದಕ್ಕೆ ಗುಬ್ಬಿಯಷ್ಟೇ ಇದ್ದು, ಮನೆಯಲ್ಲೂ ಹೊರಗೂ ಗುಬ್ಬಿ ಎಂದೇ ಹೆಸರಾದ ಈ ನಾದಿನಿಗೆ ಮಣಿಕಟ್ಟಿನಲ್ಲಿ ಅದೆಲ್ಲಿಯ ಬಲವೋ. ಆಕೆ ಒಂದು ಸುತ್ತು ತಿರುಚುವುದರೊಳಗೆ ಗುಬ್ಬಿ ಎರಡು ಸುತ್ತು ತಿರುಚಿ ಆಕೆಯನ್ನೇ ಒಂದು ಹೆಜ್ಜೆ ಮುಂದಕ್ಕೆ ಎಳೆದುಕೊಂಡಳು. ಇದರಲ್ಲೂ ಇವಳೇ ಮುಂದೆ, ಎಂದು ಆಕೆಗೆ ಅನ್ನಿಸಿತು. ಅನ್ನಿಸಿದ ಕೂಡಲೇ ನಾಚಿಕೆಯಾಯಿತು. ಕನ್ನಡಕ ಹಾಕಿದ, ತಲೆ ನರೆತ ಹೆಂಗಸು ದುಪ್ಪಟಿ ಹಿಂಡುವುದರಲ್ಲಿ ಪೈಪೋಟಿಗೆ ನಿಲ್ಲುವುದೇ? ಅಷ್ಟರಲ್ಲಿ ಗುಬ್ಬಿ ಆ ತೊಟ್ಟಿಕ್ಕುವ ಬಟ್ಟೆಯನ್ನೇ ನೋಡುತ್ತ ಬಾಯಿ ಅರ್ಧ ತೆರೆದಳು, ತೆರೆದದ್ದನ್ನು ಹಾಗೇ ಇಟ್ಟುಕೊಂಡಳು, ಆಮೇಲೆ ಮೂಗಿನಿಂದ ಬರುವ ಆ ದನಿಯಲ್ಲಿ, ಯಾಕೆ ಭಾವ ಇಷ್ಟೊಂದು ಅಳು, ಎಂದು ದುಪ್ಪಟಿಯನ್ನು ಕೇಳಿದಳು. ಗೋಡೆಯಾಚೆ ಬಟ್ಟೆ ಹರವುತ್ತಿದ್ದ ಪಕ್ಕದ ಮನೆಯಾಕೆ ಬಟ್ಟೆಯ ಕ್ಲಿಪ್ಪನ್ನು ಬಾಯಿಂದ ಕೆಳಗೆ ಬೀಳಿಸಿಕೊಂಡು ನಕ್ಕಳು. ಇದು ಟಿ.ವಿ.ಯಲ್ಲಿ ತೋರಿಸಿದ ಷಡ್ಡಕನ ದನಿ ಅಲ್ಲವಾ, ಇನ್ನೊಂದು ಸಲ ಹೇಳಿ, ಎಂದು ದುಂಬಾಲು ಬಿದ್ದಳು. ಗುಬ್ಬಿ ಒಳ್ಳೆಯವಳು. ಅದೇ ಕಷ್ಟ.

"ಬರೆಯೋದು ಇವರು, ನಮ್ಮ ಅತ್ತಿಗೆ. ನಂದೇನಿದ್ರೂ ಬಾಯಿ ಅಷ್ಟೇ," ಎಂದಳು.

"ಓ, ಅದನ್ನೆಲ್ಲ ಬರೀತಾರಾ?" ಎಂದಳು ಪಕ್ಕದ ಮನೆಯಾಕೆ. "ಅವರೇ ಮಾತಾಡ್ಕೋತಾರೆ ಅಂದ್ಕೊಂಡಿದ್ದೆ."

ಷಡ್ಡಕನನ್ನು ಹುಟ್ಟಿಸಿದವಳು ತಾನು. ಇದನ್ನು ಆಕೆ ದಿನಕ್ಕೆಷ್ಟೋ ಸಲ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು, ಬೀಗ ಹಾಕಿದೆನೋ ಇಲ್ಲವೋ ಎಂದು ಬೀದಿಯ ಕೊನೆಯಿಂದ ತಿರುಗಿ ಬಂದು ಎಳೆದು ನೋಡುವವರ ಹಾಗೆ. ತಾರೆಗಳ ನಡುವೆ ದಿಕ್ಕು ತಪ್ಪಿ ಅಲೆಯುವ ಒಂದು ಹಡಗು, ಅದರೊಳಗೆ ಗಂಭೀರ ಮುಖದ ಜನ, ಎಂದೂ ನಗದ ಒಬ್ಬ ಕಪ್ತಾನ. ಈ ಧಾರಾವಾಹಿಗೆ ವರ್ಷಗಳಿಂದ ಆಕೆ ಮಾತು ಬರೆಯುತ್ತಿದ್ದಳು. ಕಪ್ತಾನನ ಗಾಂಭೀರ್ಯವನ್ನು ಕಟ್ಟುವುದಕ್ಕೆ ಆಕೆ ಪಟ್ಟ ಪಾಡು ದೇವರಿಗೇ ಗೊತ್ತು, ಆದರೆ ಗಾಂಭೀರ್ಯಕ್ಕೆ ಯಾರೂ ಕಾಗದ ಬರೆಯುವುದಿಲ್ಲ. ನೋಡುವವರು ಕಡಿಮೆಯಾಗುತ್ತ ಬಂದಾಗ ನಿರ್ದೇಶಕ ಕೈ ಹೊಸೆಯುತ್ತ ಬಂದು, ಒಬ್ಬ ಅತಿಥಿ ಬೇಕು ಮೇಡಂ, ಬರಲಿ, ನಗಿಸಲಿ, ಒಂದೇ ಕಂತಿನಲ್ಲಿ ಹೊರಟುಹೋಗಲಿ, ಎಂದಿದ್ದ. ಹೇಳುವುದೇನು ಸುಲಭ. ಮೊದಲು ಸೀನುವ ಯಂತ್ರಮಾನವನೊಬ್ಬನನ್ನು ಬರೆದಳು. ಅವನು ಸೀನಿದಷ್ಟೂ ಆಕೆಗೇ ನೆಗಡಿ ಬಂದಂತಾಯಿತು. ಮೂರು ತಲೆಯವನನ್ನು ಬರೆದಳು. ಒಂದು ತಲೆಯಲ್ಲಿ ಬಾರದ ನಗು ಮೂರರಲ್ಲಿ ಎಲ್ಲಿಂದ ಬರಬೇಕು? ಕೊನೆಗೊಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಕಾಲಿನ ಉಗುರು ಕತ್ತರಿಸಿಕೊಳ್ಳುತ್ತಿದ್ದಾಗ ಅವನು ಕರೆಯದೆಯೇ ಬಂದ. ಕಂಡಕಂಡವರನ್ನೆಲ್ಲ ನೆಂಟರೆನ್ನುವ ಪ್ರಾಣಿ. ಹಡಗಿನ ಬಾಗಿಲು ತಟ್ಟಿ, ನಾನು ಕಪ್ತಾನರ ಷಡ್ಡಕ ಎನ್ನುತ್ತಾನೆ. ನನಗೆ ಮದುವೆಯೇ ಆಗಿಲ್ಲ, ಹೆಂಡತಿಯೇ ಇಲ್ಲದವನಿಗೆ ಹೆಂಡತಿಯ ತಂಗಿಯ ಗಂಡ ಎಲ್ಲಿಂದ ಬಂದ, ಎಂದು ಕಪ್ತಾನ ಕೇಳಿದರೆ, ಅದು ನಿಮ್ಮ ಕಡೆಯ ತಡ, ನಮ್ಮ ಕಡೆ ಎಲ್ಲ ಆಗಿಹೋಗಿದೆ, ಎನ್ನುತ್ತಾನೆ. ಅವನ ಗ್ರಹದಲ್ಲಿ ಕಾಲ ಹರಿಯುವುದೇ ಹಾಗೆ, ನೆಂಟಸ್ತಿಕೆ ಮೊದಲು, ಮದುವೆ ಆಮೇಲೆ. ಇನ್ನು ಅಡುಗೆಯವನಿಗೆ ಅವನು ಸೋದರಳಿಯ, ಯಂತ್ರ ನೋಡಿಕೊಳ್ಳುವವಳಿಗೆ ದೊಡ್ಡಪ್ಪ. ನೆಂಟ ಎಂದು ಬಾಯ್ತುಂಬ ಕರೆದವನನ್ನು ಗಾಳಿಯಿಲ್ಲದ ಕತ್ತಲೆಗೆ ದಬ್ಬುವುದು ಹೇಗೆ? ಬರೆದು ಮುಗಿಸಿದ ದಿನ ಆಕೆ ಒಬ್ಬಳೇ ಕೂತು ನಕ್ಕಿದ್ದಳು. ಆ ನಗುವಿಗೆ ಪಾಲುದಾರರಿರಲಿಲ್ಲ.

ಆದರೆ ಷಡ್ಡಕನಿಗೆ ಜೀವ ಬರುವುದಕ್ಕೆ ಹಲವರು ಸೇರಬೇಕು. ರಬ್ಬರಿನ ಬೂದು ಮೈಯೊಳಗೆ ಹೊಕ್ಕು ಕೈಕಾಲಾಡಿಸುವವನು ತೆಳ್ಳನೆಯ ಒಬ್ಬ ನರ್ತಕ. ಅವನಿಗೆ ಒಳಗೆ ಉಸಿರಾಡುವುದೇ ಕಷ್ಟ, ಮಾತು ದೂರ ಉಳಿಯಿತು. ದವಡೆಗೆ ಕಟ್ಟಿದ ತಂತಿ ಬೆನ್ನಿನಿಂದಿಳಿದು ಮೇಜಿನ ಮರೆಯಲ್ಲಿ ಕೂತ ಮುದುಕನ ಕೈಗೆ ಹೋಗುತ್ತದೆ, ಮುಖವಾಡ ಮಾಡಿದವನೇ ಅವನು. ಅವನು ಎಳೆದರೆ ಬಾಯಿ ತೆರೆಯುತ್ತದೆ, ಬಿಟ್ಟರೆ ಮುಚ್ಚುತ್ತದೆ. ಯಾವಾಗ ಎಳೆಯಬೇಕೆಂದು ಅವನಿಗೆ ತಿಳಿಯಬೇಕಲ್ಲ, ಅದಕ್ಕಾಗಿ ಮೂಲೆಯಲ್ಲಿ ಮೈಕಿನ ಮುಂದೆ ಯಾರಾದರೂ ಕೂತು ಷಡ್ಡಕನ ಮಾತುಗಳನ್ನು ಓದುತ್ತಾರೆ. ಆಮೇಲೆ ಹೆಸರಾಂತ ಹಾಸ್ಯನಟನೊಬ್ಬ ಬಂದು ತನ್ನ ದನಿ ಕೂರಿಸುತ್ತಾನೆ, ಓದಿದವರ ದನಿಯನ್ನು ಒರೆಸಿಹಾಕುತ್ತಾರೆ. ಒರೆಸಿಹೋಗುವ ಆ ಕೆಲಸಕ್ಕೆ ಗುಬ್ಬಿಯನ್ನು ಸೇರಿಸಿದವಳೂ ಆಕೆಯೇ. ಗುಬ್ಬಿ ಪಾಠ ಹೇಳುತ್ತಿದ್ದ ಶಿಶುವಿಹಾರ ಮುಚ್ಚಿ, ಅವಳು ಅಣ್ಣನ ಮನೆಯಲ್ಲಿ ಕಿಟಕಿಯ ಸರಳುಗಳನ್ನು ಒರೆಸಿದ್ದೇ ಒರೆಸುತ್ತ ಕೂತಿದ್ದ ದಿನಗಳು ಅವು. ಬಾ, ಸುಮ್ಮನೆ ಓದಿದರಾಯಿತು, ನಟನೆಗಿಟನೆ ಏನೂ ಬೇಡ, ಎಂದು ಆಕೆ ಕರೆದುಕೊಂಡು ಹೋಗಿದ್ದಳು. ಮೊದಲ ದಿನ ಗುಬ್ಬಿ ಸುಮ್ಮನೆಯೇ ಓದಿದಳು. "ಅದು ನಿಮ್ಮ ಕಡೆಯ" ಎನ್ನುವಲ್ಲಿಗೆ ಪುಟ ಮುಗಿದಿತ್ತು. ತಿರುಗಿಸಿದರೆ ಎರಡು ಹಾಳೆ ಅಂಟಿಕೊಂಡಿದ್ದವು. ಬೆರಳಿಗೆ ಎಂಜಲು ಹಚ್ಚಿ ಅವನ್ನು ಬಿಡಿಸುವಷ್ಟು ಹೊತ್ತೂ ಮುದುಕ ತಂತಿ ಎಳೆದು ಹಿಡಿದೇ ಇದ್ದ, ಷಡ್ಡಕ ಬಾಯಿ ತೆರೆದುಕೊಂಡು ಕಪ್ತಾನನ ಮುಖ ನೋಡುತ್ತಲೇ ಇದ್ದ. ಆಮೇಲೆ ಗುಬ್ಬಿ, "ತಡ," ಎಂದಳು. ಎತ್ತರದ ಏಣಿಯ ಮೇಲೆ ದೀಪ ಹಿಡಿದಿದ್ದವನು ನಗು ತಡೆಯಲಾರದೆ ಮೆಟ್ಟಿಲ ಮೇಲೇ ಕೂತುಬಿಟ್ಟ. ಎಂದೂ ನಗದ ಕಪ್ತಾನ ಗೋಡೆಗೆ ತಿರುಗಿದ, ಅವನ ಭುಜಗಳು ಕುಲುಕುತ್ತಿದ್ದವು. ಹಾಳೆ ಅಂಟಿಕೊಂಡಿತ್ತು ಅಷ್ಟೇ, ಎಂದು ಆಕೆ ಪಕ್ಕದವರಿಗೆ ಹೇಳಿದಳು, ನಗುನಗುತ್ತಲೇ. ಯಾರ ಕಿವಿಗೂ ಅದು ಬೀಳಲಿಲ್ಲ. ಇಷ್ಟೇ ಆಗಿದ್ದರೆ ಆಕೆ ಮರೆತುಬಿಡುತ್ತಿದ್ದಳು. ಎರಡನೇ ಸಲ ತೆಗೆಯುವಾಗ ಹಾಳೆಗಳು ಬಿಡಿಬಿಡಿಯಾಗಿ ಮೇಜಿನ ಮೇಲೆ ಹರಡಿದ್ದವು. ಗುಬ್ಬಿ ಹಾಳೆಯ ಕಡೆ ನೋಡಲೇ ಇಲ್ಲ. ಆ ರಬ್ಬರಿನ ಮುಖವನ್ನೇ ನೋಡುತ್ತ, ಮೊದಲಿಗಿಂತ ಒಂದೆಳೆ ಹೆಚ್ಚಾಗಿಯೇ ತಡೆದು, ಆ ಮಾತನ್ನು ಬಿಟ್ಟಳು. ಎಡವಿ ಬಿದ್ದವರಿಗೆ ಕೊಪ್ಪರಿಗೆ ಸಿಕ್ಕರೆ ಅದೃಷ್ಟ ಎನ್ನಬಹುದು. ಎದ್ದು, ಮೈ ಕೊಡವಿಕೊಂಡು, ಹೋಗಿ ಅದೇ ಜಾಗದಲ್ಲಿ ಮತ್ತೆ ಎಡವುವವರಿಗೆ ಏನೆನ್ನುವುದು? ಆ ಹೊತ್ತಿಗೆ ಆಕೆಯ ಹೊಟ್ಟೆಯೊಳಗೆ ಯಾರೋ ಕಡ್ಡಿ ಗೀರಿದಂತಾಯಿತು.

ಆಮೇಲೆ ಆಕೆ ಮಾಡಿದ ಒಂದು ಕೆಲಸವನ್ನು ನೆನೆದರೆ ಆಕೆಗೆ ಈಗಲೂ ಕಿವಿ ಬಿಸಿಯಾಗುತ್ತದೆ. ಅತಿಥಿ ಒಂದೇ ಕಂತಿಗೆ ಹೋಗುವುದು ಬೇಡ, ಉಳಿದುಕೊಳ್ಳಲಿ ಎಂದು ನಿರ್ಮಾಪಕರು ಹೇಳಿಕಳಿಸಿದ ಮೇಲೆ, ಮುಂದಿನ ಕಂತುಗಳನ್ನು ಬರೆಯುವಾಗ ಆಕೆ ಬೇಕೆಂದೇ ಮಾತುಗಳನ್ನು ಪುಟದ ಕೊನೆಯಲ್ಲಿ ತುಂಡರಿಸತೊಡಗಿದಳು. ಎಲ್ಲಿ ತಡೆಯಬೇಕೋ ಅಲ್ಲಿ ಹಾಳೆ ಮುಗಿಯುವಂತೆ ಸಾಲು ಎಣಿಸಿ, ಅಂಚು ಬಿಟ್ಟು, ಒಮ್ಮೊಮ್ಮೆ ಇಡೀ ಪುಟವನ್ನು ಹೊಸದಾಗಿ ಬರೆದು. ಬಿಡುವು ಹಾಳೆಯಿಂದ ಬಂದದ್ದಾದರೆ ಹಾಳೆ ನನ್ನದು, ಎಂಬ ಲೆಕ್ಕ. ಗುಬ್ಬಿ ಆ ಪುಟಗಳನ್ನು ಗಾಳಿಯಂತೆ ತಿರುಗಿಸಿ ದಾಟಿಕೊಂಡು ಹೋದಳು. ಆಕೆ ಕನಸಲ್ಲೂ ಎಣಿಸದ ಕಡೆ, ಒಂದು ಸಾಮಾನ್ಯ "ಹೌದಾ"ದ ಮುಂದೆ, ಬಾಯಿ ತೆರೆದು ನಿಂತಳು. ನಗು ಅಲ್ಲಿ ಎದ್ದಿತು. ಹಾಳೆಗಳನ್ನು ಜೋಡಿಸಿಕೊಡುವಾಗ ಗುಬ್ಬಿ, ಅತ್ತಿಗೆ, ಈಚೆಗೆ ಮಾತೆಲ್ಲ ಪುಟದ ಕೊನೆಗೆ ಬಂದು ಮುರಿದುಕೊಳ್ಳುತ್ತೆ, ಅಂಚು ಜಾಸ್ತಿ ಬಿಡ್ತಿದೀರಾ, ಕಣ್ಣಿಗೇನಾದ್ರೂ ತೊಂದರೆಯಾ, ಎಂದು ನಿಜವಾದ ಕಾಳಜಿಯಿಂದ ಕೇಳಿದ್ದಳು. ಕಣ್ಣಿಗೇ ತೊಂದರೆ, ಎಂದು ಆಕೆ ಉತ್ತರ ಕೊಟ್ಟಿದ್ದಳು. ಮಾರನೆಯ ದಿನ ಗುಬ್ಬಿ ಅಣ್ಣನಿಗೆ ಹೇಳಿ ಆಕೆಯ ಕನ್ನಡಕ ಬದಲಾಯಿಸಿದ್ದಳು.

ಅದೇ ಹೊಸ ಕನ್ನಡಕದಲ್ಲಿ ಆಕೆ ಈಗ ದುಪ್ಪಟಿಯನ್ನು ಹಗ್ಗದ ಮೇಲೆ ಎಸೆದು ಅಂಚು ಜಗ್ಗಿ ಸರಿಮಾಡಿದಳು. ಬೇಗ ಮುಗಿಸಬೇಕಾಗಿತ್ತು, ಇಬ್ಬರೂ ಸ್ಟುಡಿಯೋಗೆ ಹೋಗಬೇಕಾಗಿತ್ತು. ಇವತ್ತು ಹಾಸ್ಯನಟ ಬರುತ್ತಾನೆ. ಷಡ್ಡಕನಿಗೆ ಅವನ ದನಿ ಕೂರಿಸುತ್ತಾರೆ. ಗುಬ್ಬಿ ಎಲ್ಲೆಲ್ಲಿ ತಡೆದಿದ್ದಳೋ ಅಲ್ಲಲ್ಲಿ ಅವನ ಭುಜ ತಟ್ಟಿ ತೋರಿಸುವುದಕ್ಕೆ ಗುಬ್ಬಿಯನ್ನೇ ಕರೆದಿದ್ದರು. ಬೇರೆ ಯಾರಾದರೂ ಆಗಿದ್ದರೆ ತಲೆನೋವೆಂದು ಮಲಗುತ್ತಿದ್ದರು. ಗುಬ್ಬಿ ಮಾತ್ರ ಒಳ್ಳೆಯ ಬಟ್ಟೆ ಉಟ್ಟುಕೊಂಡು, ಹಾಸ್ಯನಟನಿಗೆ ಬಾಯಾರಿದರೆ ಎಂದು ಬಾಟಲಿಯಲ್ಲಿ ಕುದಿಸಿ ಆರಿಸಿದ ನೀರು ತುಂಬಿಕೊಂಡಳು. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಆಕೆ ಕಿಟಕಿಯ ಹೊರಗೆ ನೋಡುತ್ತಿದ್ದಳು, ಗುಬ್ಬಿ ಮುಂದಿನ ಸೀಟಿನ ಮಗುವಿಗೆ ಮುಖ ಮಾಡಿ ತೋರಿಸುತ್ತಿದ್ದಳು. ಮಗು ಕೇಕೆ ಹಾಕಿತು. ಇವಳಿಗೆ ಎಲ್ಲಿ ಹೋದರೂ ಒಂದು ಸಭೆ ಕೂಡಿಬಿಡುತ್ತದೆ.

ಆಕೆ ಕಾಗದ ಒಂದು ಬರೆದಿದ್ದರೆ ಈ ಹಾಸ್ಯನಟ ಬರುವ ಅಗತ್ಯವೇ ಇರಲಿಲ್ಲ. ಡಬ್ಬಿಂಗ್ ಆಗುವ ಮುಂಚೆಯೇ ಅವಸರಕ್ಕೆ ಬಿದ್ದು ಯಾರೋ ಗುಬ್ಬಿಯ ದನಿಯಿದ್ದ ತುಣುಕನ್ನೇ ಜಾಹೀರಾತಿಗೆ ಕೊಟ್ಟುಬಿಟ್ಟಿದ್ದರು. ಒರೆಸಿಹೋಗಬೇಕಾಗಿದ್ದ ದನಿ ಮನೆಮನೆಗೆ ಹೋಗಿ ಕೂತಿತು. ಬಸ್ ನಿಲ್ದಾಣದಲ್ಲಿ ಗುರುತಿಲ್ಲದವರು ಒಬ್ಬರನ್ನೊಬ್ಬರು ಷಡ್ಡಕ ಎಂದು ಕರೆದುಕೊಂಡರು. ಈ ದನಿಯೇ ಇರಲಿ ಎಂದ ನಿರ್ದೇಶಕ. ಆಗ ದನಿ ಕಲಾವಿದರ ಸಂಘದವರು ಅಡ್ಡ ಬಂದರು. ಸದಸ್ಯರಲ್ಲದವರ ದನಿ ಇನ್ನು ಮುಂದೆ ಕೇಳಿಸಕೂಡದು. ಕಲಿಕೆಯಿಲ್ಲದವರನ್ನು ಸೇರಿಸಿಕೊಳ್ಳಬೇಕಾದರೆ, ಈ ಪಾತ್ರಕ್ಕೆ ದನಿ ಹುಡುಕಿಕೊಟ್ಟವರು ಇವರೇ ಎಂದು ಆ ಪಾತ್ರವನ್ನು ಬರೆದವರು ಸ್ವಂತ ಕೈಯಲ್ಲಿ ಬರೆದುಕೊಡಬೇಕು. ಬರೆದುಕೊಡ್ತೀನಿ, ಅದಕ್ಕೇನಂತೆ, ಎಂದಿದ್ದಳು ಆಕೆ. ಆ ಸಂಜೆ ಊಟಕ್ಕೆ ಕೂತಾಗ ಗಂಡ ತಂಗಿಯಿಂದ ಷಡ್ಡಕನ ಮಾತು ಹೇಳಿಸಿ ಹೇಳಿಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಕೊನೆಗೆ ಆಕೆಯ ಕಡೆ ತಿರುಗಿ, ನೀನೂ ಚೆನ್ನಾಗಿ ಬರೆದಿದೀಯ ಕಣೇ, ಎಂದಿದ್ದ. ಆ "ನೀನೂ" ಕೇಳಿಸಿಕೊಂಡು ಆಕೆ ಗಂಡನ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದಳು. ಹೆತ್ತವಳು ನಾನು, ಎತ್ತಿ ಆಡಿಸಿದವಳಿಗೆ ಹೆಸರು. ಮಾರನೆಯ ದಿನ ಬರೆದರಾಯಿತು ಎಂದುಕೊಂಡಳು. ಮಾರನೆಯ ದಿನ ಪೆನ್ನು ಸರಿಯಿರಲಿಲ್ಲ. ಆಮೇಲೆ ಕಂತು ಮುಗಿಸುವ ಗಡಿಬಿಡಿ. ಹೀಗೇ ವಾರಗಳು ಹೋದವು. ಒಂದು ದಿನ ಸ್ಟುಡಿಯೋದ ಮೆಟ್ಟಿಲ ಮೇಲೆ ನಿರ್ದೇಶಕ ಎದುರಾಗಿ, ಸಂಘಕ್ಕೆ ಕಾಗದ ಹೋಯಿತಾ ಮೇಡಂ, ಎಂದು ಕೇಳಿದ. ಗುಬ್ಬಿ ಪಕ್ಕದಲ್ಲೇ ಇದ್ದಳು, ಕೇಳದವಳ ಹಾಗೆ ಸೆರಗಿನ ದಾರ ಕೀಳುತ್ತ. ಹೋಯಿತು, ಎಂದುಬಿಟ್ಟಳು ಆಕೆ. ನಾಲಿಗೆಗೆ ಮೂಳೆಯಿಲ್ಲ. ಗುಬ್ಬಿ ಮನೆಗೆ ಬಂದು, ಯಾರೂ ಹೇಳದೆಯೇ, ಆಕೆಯ ಮೇಜಿನ ಮೇಲಿದ್ದ ಪುಸ್ತಕಗಳನ್ನೆಲ್ಲ ಧೂಳು ಒರೆಸಿ ಜೋಡಿಸಿಟ್ಟಳು.

ಡಬ್ಬಿಂಗ್ ಕೋಣೆಯಲ್ಲಿ ಗೋಡೆಗಳಿಗೆಲ್ಲ ಕಂಬಳಿಯಂಥ ದಪ್ಪ ಬಟ್ಟೆ ಹೊಡೆದಿದ್ದರು. ಅಲ್ಲಿ ಮಾತಾಡಿದರೆ ಮಾತು ತಿರುಗಿ ಬರುವುದಿಲ್ಲ, ಹೋದದ್ದು ಹೋದಂತೆಯೇ. ಹಾಸ್ಯನಟ ಮರ್ಯಾದಸ್ಥ. ಆಕೆಯನ್ನು ಕಂಡವನೇ ಎದ್ದು ನಿಂತು, ಬರೆಯುವವರ ಮಾತನ್ನು ನುಂಗುವ ನಟರು ತನಗೆ ಆಗುವುದಿಲ್ಲ, ತಾನು ಒಂದಕ್ಷರ ಬಿಡದೆ ಹೇಳುತ್ತೇನೆ, ಎಂದ. ಎಷ್ಟು ವರ್ಷಗಳಿಂದ ಆಕೆ ಈ ಮಾತಿಗೆ ಕಾದಿದ್ದಳು. ಪರದೆಯ ಮೇಲೆ ಷಡ್ಡಕ ಬಂದು ಬಾಗಿಲಲ್ಲಿ ನಿಂತ. ಹಾಸ್ಯನಟನ ಹಿಂದೆ ಗಿಡ್ಡ ಸ್ಟೂಲಿನ ಮೇಲೆ ಗುಬ್ಬಿ. ಅವನ ಭುಜ ಎಟುಕದೆ ಅವಳು ಆಗಾಗ ಎದ್ದು ನಿಲ್ಲುತ್ತಿದ್ದಳು. ತಟ್ಟಿದಾಗ ಶುರುಮಾಡಬೇಕು. ಮೊದಲೆರಡು ಸಲ ಅವನು ಕಾದ. ಕಾಯುವುದು ಅವನ ಜಾಯಮಾನವೇ ಅಲ್ಲ. ತೆರೆದ ಬಾಯಿಯನ್ನು ಖಾಲಿ ಬಿಡುವುದು ಹೇಗೆಂದು ಅದರಲ್ಲಿ ಒಂದು ಹೆಹ್ಹೆ ಹಾಕಿದ, ಒಂದು ಗಂಟಲು ಸರಿಮಾಡುವ ಶಬ್ದ ಹಾಕಿದ. ನಡುನಡುವೆ ಆಕೆಯ ಮಾತುಗಳು ಬಂದವು, ಒಂದೊಂದೂ ತೊಳೆದಿಟ್ಟ ಲೋಟದ ಹಾಗೆ ಸ್ವಚ್ಛವಾಗಿ, ಒತ್ತಕ್ಷರ ಕೂಡ ಮುಕ್ಕಾಗದೆ. ಆಕೆ ಕಿವಿಗೊಟ್ಟು ಕೇಳಿದಳು. ಮೊದಲು ಒಂದು ಸಂತೋಷ, ಮುಚ್ಚಿಟ್ಟರೂ ಮುಚ್ಚದಂಥದು: ನೋಡಿ, ಇದು ನಾನು ಬರೆದದ್ದು, ಈಗಲಾದರೂ ಕೇಳಿಸುತ್ತಿದೆಯಾ? ಆಮೇಲೆ ಯಾರೂ ನಗುತ್ತಿಲ್ಲವೆಂದು ಗಮನಕ್ಕೆ ಬಂತು. ಯಂತ್ರದ ಮುಂದೆ ಕೂತವನು ಆಕಳಿಸಿ ಬಾಯಿಗೆ ಕೈ ಅಡ್ಡ ಹಿಡಿದ. ನಿರ್ದೇಶಕ ಉಗುರು ಕಚ್ಚುತ್ತಿದ್ದ. "ಅದು ನಿಮ್ಮ ಕಡೆಯ ತಡ, ಹೆಹ್ಹೆ, ನಮ್ಮ ಕಡೆ ಎಲ್ಲ ಆಗಿಹೋಗಿದೆ." ಕಂಬಳಿಯ ಗೋಡೆ ಆ ಮಾತನ್ನು ಕುಡಿದುಬಿಟ್ಟಿತು. ಇಷ್ಟೇನಾ, ಎನ್ನಿಸಿತು ಆಕೆಗೆ. ನಾನು ಬರೆದದ್ದು ಇಷ್ಟೇನಾ? ಪರದೆಯ ಮೇಲಿನ ಪ್ರಾಣಿ ಯಾರಿಗೂ ಬೇಡವಾದ, ಬೆವರುವ, ನೆಂಟಸ್ತಿಕೆ ಹೇಳಿಕೊಂಡು ಅನ್ನಕ್ಕೆ ಬಂದ ಒಬ್ಬ ದರಿದ್ರನಂತೆ ಕಂಡ. ಅವನನ್ನು ಕತ್ತಲೆಗೆ ದಬ್ಬಿದರೆ ಯಾರೂ ಬೇಡವೆನ್ನುವಂತಿರಲಿಲ್ಲ. ಅವನು ಸಾಯುತ್ತಿದ್ದಾನೆ, ಎಲ್ಲರ ಕಣ್ಣೆದುರಿಗೆ, ತನ್ನದೇ ಮಾತು ಒಂದೂ ಮುಕ್ಕಾಗದೆ ಬಾಯಲ್ಲಿಟ್ಟುಕೊಂಡು ಸಾಯುತ್ತಿದ್ದಾನೆ, ಎಂದು ಆಕೆಗೆ ಹೊಳೆದಾಗ, ಗುಬ್ಬಿ ಹಿಂದಿನಿಂದ ಎದ್ದು ನಿಂತು, ಆ ಹಾಸ್ಯನಟನಿಗೆ ಬಾಟಲಿಯ ನೀರು ಕೊಡುತ್ತಿದ್ದಳು.

ಬಿಡುವು ಕೊಟ್ಟಾಗ ನಿರ್ದೇಶಕ ಆಕೆಯನ್ನು ಬದಿಗೆ ಕರೆದ. ಸಂಘದವರು ಹೂಂ ಅಂತಲೂ ಇಲ್ಲ, ಊಹೂಂ ಅಂತಲೂ ಇಲ್ಲ ಮೇಡಂ, ನೀವು ಬರೆದದ್ದು ಎಲ್ಲಿ ಕಳೆದುಹೋಯಿತೋ, ಮುಂದಿನ ವಾರ ಅವರ ಸಭೆ, ಅದು ಬಿಟ್ಟರೆ ಈ ವರ್ಷ ಮತ್ತೆ ಕೂರುವುದಿಲ್ಲ. ಅಲ್ಲಿಯವರೆಗೆ ನಾನು ಹಾಸ್ಯನಟರಿಗೆ ಮುಂಗಡ ಕೊಡದೆ ಎಳೆದಾಡುತ್ತೇನೆ, ಇನ್ನೊಂದು ಸಲ ಬರೆದು ನೋಡ್ತೀರಾ, ಎಂದ. ಇನ್ನೊಂದು ಸಲ, ಎಂದ ಅವನು. ಆಕೆ ತಲೆಯಾಡಿಸಿ ನಲ್ಲಿಯ ಹತ್ತಿರ ಹೋಗಿ ಮುಖಕ್ಕೆ ನೀರು ಹಾಕಿಕೊಂಡಳು. ಹಿಂದೆಯೇ ಗುಬ್ಬಿ ಬಂದಳು.

"ಅತ್ತಿಗೆ, ನೀವು ಬೇಜಾರ್ ಮಾಡ್ಕೋಬೇಡಿ," ಎಂದಳು. "ನಿಮ್ಮ ಕೈಲಾದ್ದು ನೀವು ಮಾಡಿದ್ರಿ. ಅಷ್ಟು ದೊಡ್ಡ ಮನಸ್ಸು ಮಾಡಿ ಬರೆದು ಕೊಟ್ಟ ಮೇಲೂ ಅವರಿಗೆ ಬೇಡ ಅನ್ನಿಸಿದ್ರೆ, ನನ್ನ ಹಣೇಲಿಲ್ಲ ಅಷ್ಟೇ."

ಆಕೆ ಏನೋ ಹೇಳಬೇಕೆಂದು ಬಾಯಿ ತೆರೆದಳು. ಹೇಳಬೇಕಾದದ್ದು ಒಂದೇ ಮಾತು, ಅದು ಬರಲಿಲ್ಲ. ಮುಖದಿಂದ ನೀರು ಇಳಿಯುತ್ತಿತ್ತು. ಆಕೆಯನ್ನೇ ನೋಡುತ್ತಿದ್ದ ಗುಬ್ಬಿಗೆ ಇದ್ದಕ್ಕಿದ್ದಂತೆ ನಗು ಬಂತು. ತಡೆಯಲು ಹೋಗಿ ಅದು ಮೂಗಿನಿಂದ ಬಂತು.

"ಇದೇ ನೋಡಿ, ಇದೇ," ಎಂದಳು. "ಕೋಪ ಮಾಡ್ಕೊಳ್ಳಲ್ಲ ಅಂದ್ರೆ ಒಂದು ಹೇಳ್ತೀನಿ. ಮೊದಲನೇ ಸಲ ಹಾಳೆ ಅಂಟ್ಕೊಂಡಿದ್ದು ನಿಜ. ಎರಡನೇ ಸಲ ನಿಮ್ಮನ್ನ ನೆನೆಸ್ಕೊಂಡೆ. ಅಣ್ಣ ಊಟ ಆಯ್ತಾ ಅಂತ ಕೇಳಿದ್ರೂ ನೀವು ಬಾಯಿ ತೆರೆದು ಹಿಂಗೇ ನಿಂತ್ಕೋತೀರಿ, ಉತ್ತರಾನ ಒಳಕೋಣೆಯಿಂದ ತರೋಕೆ ಹೋದವರ ಹಾಗೆ. ಅಷ್ಟು ದೂರ ಹೋಗಿ ತಂದು ಕೊಡೋದೇನು ಅಂದ್ರೆ, ಹೂಂ."

ಒಳಗಿನಿಂದ ಯಾರೋ ಕರೆದರು. ಗುಬ್ಬಿ ಸೆರಗಿನಿಂದ ಕಣ್ಣೊರೆಸಿಕೊಂಡು ಹೋದಳು. ಆಕೆ ನಲ್ಲಿ ನಿಲ್ಲಿಸುವುದನ್ನು ಮರೆತು ನಿಂತಿದ್ದಳು. ಮದುವೆಯಾಗಿ ಆ ಮನೆಗೆ ಬಂದ ಹೊಸತರಲ್ಲಿ ಅಡುಗೆಮನೆಯಿಂದ ನಗು ಕೇಳಿಸುತ್ತಿತ್ತು, ಅತ್ತೆಯ ನಗು, ಗಂಡನ ನಗು, ನಡುವೆ ಪುಟ್ಟ ಗುಬ್ಬಿಯ ದನಿ. ಆಕೆ ಹೊಸ್ತಿಲಿಗೆ ಬರುತ್ತಿದ್ದಂತೆ ಎಲ್ಲರೂ ತಮ್ಮ ತಮ್ಮ ತಟ್ಟೆ ನೋಡಿಕೊಳ್ಳುತ್ತಿದ್ದರು. ಉಪ್ಪು ಹೆಚ್ಚಾಯಿತೇನೋ ಎಂದು ಆಕೆ ಎಷ್ಟು ದಿನ ಉಪ್ಪು ಕಡಿಮೆ ಹಾಕಿದ್ದಳು. ಈಗ ಊರಿಗೆ ಊರೇ ನಗುತ್ತಿದೆ, ಬಸ್ಸಿನಲ್ಲಿ, ಅಂಗಡಿಯಲ್ಲಿ, ಗೋಡೆಯಾಚೆ. ಆಕೆಯ ಮಾತಿಗೆ ಅವರು ನಕ್ಕದ್ದಲ್ಲ, ಆಕೆ ಮಾತು ಸಿಗದೆ ನಿಲ್ಲುವುದಕ್ಕೆ ನಕ್ಕದ್ದು. ಅವಮಾನ ಕಾಲಿನಿಂದ ತಲೆಯವರೆಗೆ ಏರಿತು. ಏರಿದ ಹಿಂದೆಯೇ, ಹೇಳಿಕೊಳ್ಳುವುದಕ್ಕೂ ನಾಚಿಕೆಗೇಡು, ಇನ್ನೊಂದು ಏರಿತು: ಹಾಗಾದರೆ ಅದೂ ನನ್ನದೇ. ಮಾತೂ ನನ್ನದು, ಬಿಡುವೂ ನನ್ನದು. ಇವಳದೇನು ಉಳಿಯಿತು? ಉಳಿದದ್ದು ಏನೆಂದು ಆಕೆಗೆ ಗೊತ್ತಿತ್ತು. ಇಷ್ಟು ವರ್ಷ ಕನ್ನಡಿಯೆದುರು ತಲೆ ಬಾಚಿಕೊಂಡರೂ ಆಕೆಗೆ ಕಾಣದಿದ್ದದ್ದು ಇವಳಿಗೆ ಕಂಡಿತ್ತು. ಅದನ್ನು ಯಾರ ಮನಸ್ಸೂ ನೋಯದ ಹಾಗೆ ಒಂದು ರಬ್ಬರಿನ ಮುಖಕ್ಕೆ ತೊಡಿಸಿಬಿಟ್ಟಿದ್ದಳು. ತಾನಾಗಿದ್ದರೆ ಹಾಗೆ ಕಂಡದ್ದನ್ನು ಎಷ್ಟು ಕಹಿ ಮಾಡಿ ಬರೆಯುತ್ತಿದ್ದೆ, ಎಂದುಕೊಂಡಳು.

ಬರೆಯುವ ಕೋಣೆಯಲ್ಲಿ ಆ ಹೊತ್ತಿಗೆ ಯಾರೂ ಇರಲಿಲ್ಲ. ಫ್ಯಾನು ತಿರುಗಿದಾಗಲೆಲ್ಲ ಗೋಡೆಗೆ ಚುಚ್ಚಿದ ಹಡಗಿನ ನಕ್ಷೆ ಏಳುತ್ತಿತ್ತು, ಬೀಳುತ್ತಿತ್ತು. ಆಕೆ ಬಿಳಿ ಹಾಳೆ ಎಳೆದುಕೊಂಡು, ಈ ಮೂಲಕ ತಿಳಿಯಪಡಿಸುವುದೇನೆಂದರೆ, ಎಂದು ಶುರುಮಾಡಿದಳು. ಈಕೆ ನನ್ನ ಹತ್ತಿರದ ಸಂಬಂಧಿಯಾದರೂ, ಎಂದು ಬರೆದು, ಆ "ಆದರೂ" ಕಂಡು ಹೊಡೆದುಹಾಕಿದಳು. ನನ್ನ ಮಾರ್ಗದರ್ಶನದಲ್ಲಿ, ಎಂದು ಬರೆದು ಅದನ್ನೂ ಹೊಡೆದಳು. ಬೇರೆ ಹಾಳೆ ತೆಗೆದುಕೊಂಡಳು. ಪ್ರಸ್ತುತ ಪಾತ್ರದ ಮೌನಗಳು ಮೂಲತಃ ನನ್ನವು, ಎಂದು ಬರೆದಳು. ಬರೆದದ್ದನ್ನು ಓದಿಕೊಂಡಳು. ಸಂಘದ ಹಿರಿಯರು ಸಾಲಾಗಿ ಕೂತು, ಕನ್ನಡಕ ಏರಿಸಿ, ಮೂಲತಃ ನನ್ನವು, ಎಂದು ಗಟ್ಟಿಯಾಗಿ ಓದುವುದು ಕಣ್ಣಿಗೆ ಕಟ್ಟಿತು. ಆಕೆಗೆ ನಗು ಬಂತು, ಬೇಡವೆಂದರೂ ಬಂತು, ಅದರ ಬುಡದಲ್ಲಿ ಉರಿ ಹಾಗೇ ಇತ್ತು. ಆ ಹಾಳೆಯನ್ನು ಚೂರುಚೂರು ಮಾಡಿ ಬುಟ್ಟಿಗೆ ಹಾಕಿದಳು. ಮೂರನೆಯದರಲ್ಲಿ ಅಲಂಕಾರವಿರಲಿಲ್ಲ. ಷಡ್ಡಕನ ಮಾತುಗಳನ್ನು ನಾನು ಬರೆದಿದ್ದೇನೆ. ಅವನಿಗೆ ದನಿ ಹುಡುಕಿಕೊಟ್ಟವರು ಇವರು. ಇವರಿಲ್ಲದೆ ಆ ಮಾತುಗಳಿಗೆ ಯಾರೂ ನಗುವುದಿಲ್ಲ, ಇದನ್ನು ಈ ದಿನ ನನ್ನ ಕಿವಿಯಿಂದ ಕೇಳಿ ಬರೆಯುತ್ತಿದ್ದೇನೆ. ಈ ಕಾಗದವನ್ನು ನಾನು ಹಿಂದೆಯೇ ಕಳಿಸಿದ್ದೇನೆಂದು ಹೇಳಿದ್ದೆ, ಕಳಿಸಿರಲಿಲ್ಲ. ಒಂದೊಂದು ವಾಕ್ಯವೂ ಹಲ್ಲು ಕಿತ್ತಂತೆ ಬಂತು. "ಯಾರೂ ನಗುವುದಿಲ್ಲ" ಎಂಬಲ್ಲಿ "ಹೆಚ್ಚಾಗಿ" ಎಂದು ಸೇರಿಸೋಣವೇ ಎಂದು ಪೆನ್ನು ನಿಂತಿತು. ಸೇರಿಸಲಿಲ್ಲ. ತಾರೀಖು ಹಾಕುವಾಗ ಕೈ ಹಿಂದಿನ ತಿಂಗಳಿನ ಕಡೆ ಹೋಯಿತು. ಅದನ್ನು ಹಿಂದಕ್ಕೆ ತಂದು ಇವತ್ತಿನದೇ ಹಾಕಿದಳು.

ಅಂಚೆ ಕಚೇರಿ ಸ್ಟುಡಿಯೋದ ಬೀದಿಯ ಕೊನೆಯಲ್ಲಿತ್ತು. ಸಾಲಿನಲ್ಲಿ ಆಕೆಯ ಮುಂದೆ ಕಟ್ಟು ಹಿಡಿದ ಗಂಡಸೊಬ್ಬ, ಹಿಂದೆ ಏದುಸಿರು ಬಿಡುವ ಒಬ್ಬ ಮುದುಕಿ. ಲಕೋಟೆ ಬಿಸಿಲಿಗೆ ಬೆಚ್ಚಗಾಗಿತ್ತು. ಈಗಲೂ ತಿರುಗಿ ಹೋಗಬಹುದು ಎಂದು ಒಂದು ಮನಸ್ಸು ಹೇಳುತ್ತಿತ್ತು. ಷಡ್ಡಕ ಒಂದೆರಡು ಕಂತಿಗೆ ಸೊರಗಿ ತಾನಾಗಿಯೇ ಹೋಗುತ್ತಾನೆ, ಯಾರಿಗೂ ಏನೂ ತಿಳಿಯುವುದಿಲ್ಲ, ಗುಬ್ಬಿ ಮತ್ತೆ ಕಿಟಕಿಯ ಸರಳು ಒರೆಸುತ್ತಾಳೆ. ಆ ಕಿಟಕಿ ಕಣ್ಣಿಗೆ ಬಂತು, ಅದರ ಮುಂದೆ ಅವಳ ಗಿಡ್ಡ ಬೆನ್ನು. ಇಷ್ಟಾದರೂ ಗೆಲ್ಲುವವಳು ಅವಳೇ ಎನ್ನಿಸಿತು, ಕಳಿಸಿದರೆ ದನಿಯಿಂದ, ಕಳಿಸದಿದ್ದರೆ ಆ ಬೆನ್ನಿನಿಂದ. ಗುಮಾಸ್ತೆ ಲಕೋಟೆಯನ್ನು ಈಸಿಕೊಂಡು ತೂಗಿದಳು. ರಿಜಿಸ್ಟರಾ, ಎಂದು ಕೇಳಿದಳು. ಹೌದು. ಮುಟ್ಟಿದ್ದಕ್ಕೆ ಕಾರ್ಡು ತಿರುಗಿ ಬರಬೇಕಾ? ಆಕೆ ಹೂಂ ಎಂದಳು. ಗುಮಾಸ್ತೆ ಒಂದು ದಪ್ಪ ಕಾರ್ಡು ತಳ್ಳಿ, ಯಾರಿಗೆ ಬರಬೇಕೋ ಅವರ ಹೆಸರು ವಿಳಾಸ ಇಲ್ಲಿ, ಕಳಿಸಿದ ತಾರೀಖು ಇಲ್ಲಿ, ಎಂದು ಪೆನ್ಸಿಲಿನಿಂದ ತೋರಿಸಿದಳು. ಸ್ಟುಡಿಯೋದ ವಿಳಾಸ ಬಾಯಿಪಾಠವಿತ್ತು. ಅಲ್ಲಿಗೆ ಬಂದರೆ ನೇರ ಆಕೆಯ ಖಾನೆಗೆ ಬೀಳುತ್ತದೆ, ಮಡಿಸಿ ಎಸೆದರೆ ಮುಗಿಯಿತು. ಮನೆಗೆ ಬರುವ ಅಂಚೆಯನ್ನು ಬಾಗಿಲಲ್ಲಿ ನಿಂತು ಈಸಿಕೊಳ್ಳುವವಳು ಗುಬ್ಬಿ. ಇಷ್ಟು ವಾರಗಳೂ ಪ್ರತಿ ದಿನ ಸಂಘದ ಉತ್ತರಕ್ಕೆಂದು ಚಪ್ಪಲಿಯನ್ನೂ ಮೆಟ್ಟದೆ ಓಡಿ ಹೋಗುತ್ತಿದ್ದಳು. ಹಿಂದಿನ ಮುದುಕಿ ಕೆಮ್ಮಿದಳು. ಆಕೆ ಪೆನ್ನು ಕೇಳಿ ತೆಗೆದುಕೊಂಡು, ಕಾಗದ ಹೋದದ್ದು ಇವತ್ತೇ ಎಂದು ನೋಡಿದವರಿಗೆ ಗೊತ್ತಾಗುವಂತೆ ಇವತ್ತಿನ ತಾರೀಖನ್ನು ದೊಡ್ಡದಾಗಿ ಬರೆದಳು. ಕೆಳಗೆ ಮನೆಯ ವಿಳಾಸ ಬರೆದಳು. ಹೆಸರಿನ ಜಾಗದಲ್ಲಿ, ಮನೆಯಲ್ಲಿ ಯಾರೂ ಕರೆಯದ, ಶಾಲೆಯ ದಾಖಲೆಯಲ್ಲಿ ಮಾತ್ರ ಉಳಿದಿರುವ ಗುಬ್ಬಿಯ ಪೂರ್ತಿ ಹೆಸರನ್ನು ನೆನಪು ಮಾಡಿಕೊಂಡು ಬರೆದಳು.

ಗುಮಾಸ್ತೆ ಕಾರ್ಡನ್ನು ಲಕೋಟೆಯ ಬೆನ್ನಿಗೆ ಅಂಟಿಸಿ, ಧಡ್ಡೆಂದು ಮುದ್ರೆ ಹೊಡೆದು, ತಿರುಗಿಯೂ ನೋಡದೆ ಹಿಂದಿನ ಚೀಲಕ್ಕೆ ಎಸೆದಳು. ಆಕೆ ಅಲ್ಲೇ ನಿಂತಿದ್ದಳು.

"ಆಯ್ತಲ್ಲಮ್ಮ," ಎಂದಳು ಹಿಂದಿನ ಮುದುಕಿ. "ಸ್ವಲ್ಪ ಆ ಕಡೆ ಸರೀರಿ."

ಆಕೆ ಸರಿದು ನಿಂತಳು.